ಹಗ್ಗ ಮುಟ್ಟಿದವರ ಪಾಲು

ಶಾಲೆಯ ಜಗಲಿಯಲ್ಲಿ ಕುರ್ಚಿ ಹಾಕಿ, ಬ್ಯಾನರ್ ಕಟ್ಟಿ, ಲಸಿಕೆಯ ಡಬ್ಬಿಯನ್ನು ಮೇಜಿನ ಮೇಲಿಟ್ಟು ಕೂತರೆ, ಮಧ್ಯಾಹ್ನದವರೆಗೆ ನಮ್ಮಲ್ಲಿಗೆ ಬಂದದ್ದು ಒಂದು ನಾಯಿ ಮಾತ್ರ. ಅದೂ ನೆರಳಿಗೆ.

ಕುಂದಾಪುರದಿಂದ ಬೈಂದೂರಿಗೆ ಹೋಗುವ ಹೆದ್ದಾರಿಯ ಪಡುಬದಿಯಲ್ಲಿ, ಕಡಲಿಗೆ ಅಂಟಿಕೊಂಡ ಉಪಕೇಂದ್ರವೊಂದರಲ್ಲಿ ನಾನು ಆಗ ನರ್ಸ್ ಆಗಿದ್ದೆ. ಕೊರೋನಾದ ಎರಡನೆಯ ಅಲೆ ಇಳಿದಿತ್ತು. ಮಳೆ ಬಿಟ್ಟು, ಕೈರಂಪಣಿ ಬಲೆಗಳು ಕಡಲಿಗೆ ಇಳಿಯುವ ಕಾಲ. ನನ್ನ ಮನೆ ಬಾರ್ಕೂರು. ಅಲ್ಲಿ ಲಸಿಕೆಗೆ ಜನ ಬೆಳಗಾಗುವ ಮೊದಲೇ ಸಾಲು ನಿಂತು, ಟೋಕನ್‌ಗಾಗಿ ಜಗಳವಾಡಿ, ಸಿಗದವರು ಬೈದುಕೊಂಡು ಬಸ್ಸು ಹತ್ತುತ್ತಿದ್ದರು. ಇಲ್ಲಿ ಡಬ್ಬಿಯಲ್ಲಿ ಲಸಿಕೆ ಇದೆ, ಕುರ್ಚಿ ಖಾಲಿ ಇದೆ, ಜನ ಇಲ್ಲ. ದಿನಾ ಎರಡು ಬಸ್ಸು ಬದಲಿಸಿ ಬಂದು, ಐಸ್ ಕರಗುವುದನ್ನು ನೋಡಿಕೊಂಡು ಕೂತು ವಾಪಸು ಹೋಗುವುದೆಂದರೆ ಯಾರಿಗೆ ಸಿಟ್ಟು ಬರುವುದಿಲ್ಲ? ನನಗಂತೂ ಮೂಗಿನ ತುದಿಯಲ್ಲೇ ಸಿಟ್ಟು.

ಬೇಡ ಎಂದು ಒಬ್ಬರಾದರೂ ಬಾಯಿಬಿಟ್ಟು ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು. ಜಗಳವಾದರೂ ಆಡಬಹುದಿತ್ತು. ಯಾರೂ ಹೇಳುತ್ತಿರಲಿಲ್ಲ. ಮನೆಮನೆಗೆ ಹೋದರೆ ಚಾಪೆ ಹಾಕಿ ಕೂರಿಸುತ್ತಿದ್ದರು, ಬೇಡವೆಂದರೂ ಚಹಾ ಕೊಡುತ್ತಿದ್ದರು. "ನಾಳಿಕ್ ಬತ್ತೆ ಸಿಸ್ಟ್ರೇ, ಇವತ್ತ್ ಒಂಚೂರ್ ಕೆಲ್ಸ ಇತ್ತ್" ಎನ್ನುತ್ತಿದ್ದರು. ಮಾಸ್ಕಿನದ್ದೂ ಅದೇ ಕಥೆ. ನಾನು ಓಣಿಯ ತುದಿಯಲ್ಲಿ ಕಾಣಿಸಿದ ಕೂಡಲೇ ಕುತ್ತಿಗೆಯಲ್ಲಿದ್ದ ಮಾಸ್ಕುಗಳೆಲ್ಲ ಮೂಗಿಗೆ ಏರುತ್ತಿದ್ದವು. ಮೇಲೆತ್ತಿ ಕಟ್ಟಿದ ಲುಂಗಿಯನ್ನು ಹಿರಿಯರ ಎದುರು ಇಳಿಸಿಬಿಡುತ್ತಾರಲ್ಲ, ಹಾಗೆ. ನಾನು ದಾಟಿ ಹೋದ ಮೇಲೆ ಮತ್ತೆ ಕುತ್ತಿಗೆಗೆ. ರೋಗಕ್ಕೆ ಹೆದರಿ ಹಾಕಿದ್ದಲ್ಲ, ನನಗೆ ಕೊಟ್ಟ ಮರ್ಯಾದೆ ಅದು.

ಇವರಿಗೆ ಸೂಜಿಯ ಹೆದರಿಕೆ ಎಂದು ನಾನು ತೀರ್ಮಾನ ಮಾಡಿಕೊಂಡೆ. ಮೊಬೈಲಿನಲ್ಲಿ ಹರಿದಾಡುವ ಸುಳ್ಳುಗಳನ್ನು ನಂಬಿದ್ದಾರೆ ಎಂದುಕೊಂಡೆ. ರಿಕ್ಷಾಕ್ಕೆ ಮೈಕ್ ಕಟ್ಟಿಸಿ ಓಣಿ ಓಣಿ ಸುತ್ತಿ, ಲಸಿಕೆಯಿಂದ ಸಾಯುವುದಿಲ್ಲ, ಮಕ್ಕಳಾಗುವುದು ನಿಲ್ಲುವುದಿಲ್ಲ ಎಂದೆಲ್ಲ ಕೂಗಿದೆ. ಗಂಟಲು ಬಿದ್ದುಹೋಯಿತು. ಮರುದಿನ ಆ ನಾಯಿಯೂ ಬರಲಿಲ್ಲ.

ಆಮೇಲೆ ಒಂದು ದಿನ, ಕಡಲಬದಿಯ ಕೊನೆಯ ಮನೆಯ ಹೆಂಗಸು ಅಂಗಳದಲ್ಲಿ ಬುಟ್ಟಿ ತೊಳೆಯುತ್ತಿದ್ದಳು. ಅವಳ ಮನೆ ನನಗೆ ಗೊತ್ತಿತ್ತು. ಹಿಂದಿನ ವರ್ಷ, ಲಸಿಕೆ ಬರುವ ಮೊದಲೇ, ಅವಳ ಗಂಡ ಕೊರೋನಾದಲ್ಲಿ ತೀರಿಹೋಗಿದ್ದ. ಅವನನ್ನು ಆಂಬುಲೆನ್ಸ್ ಹತ್ತಿಸಿದ್ದು ನಾನೇ. ಹೆಣವನ್ನು ಮನೆಗೆ ತರಲು ಬಿಡಲಿಲ್ಲ. ಪ್ಲಾಸ್ಟಿಕ್ ಅಂಗಿ ಹಾಕಿಕೊಂಡವರು ಸುಟ್ಟರು, ಇವಳು ಮಕ್ಕಳನ್ನು ಹಿಡಿದುಕೊಂಡು ಗೇಟಿನ ಹೊರಗೆ ನಿಂತಿದ್ದಳು. ಅಂಥ ಮನೆಯವಳೇ ಲಸಿಕೆಗೆ ಬರುವುದಿಲ್ಲವೆಂದರೆ ನನಗೆ ತಡೆದುಕೊಳ್ಳಲಾಗಲಿಲ್ಲ. ಮೇಲಾಗಿ ಅವಳಿಗೆ ಸಕ್ಕರೆ ಕಾಯಿಲೆ, ಕೊರೋನಾ ಬಂದರೆ ಮೊದಲು ಮಲಗುವವಳೇ ಅವಳು.

"ಎಂತ ಹೆದ್ರಿಕಿ ಮಾರಾಯ್ರೆ ನಿಮ್ಗೆ? ಅಷ್ಟ್ ಕಂಡ್ರೂ ಬುದ್ಧಿ ಬತ್ತಿಲ್ಯಾ? ಒಂದ್ ಸೂಜಿಗ್ ಇಷ್ಟ್ ಹೆದ್ರುದಾ?" ಎಂದು ಅಂಗಳದಲ್ಲೇ ಕೂಗಿಬಿಟ್ಟೆ.

ಅವಳು ಬುಟ್ಟಿ ಕೆಳಗಿಟ್ಟು, ಕೈ ಒರೆಸಿಕೊಂಡು, ಸೆರಗು ಸರಿಸಿ ಹೊಟ್ಟೆ ತೋರಿಸಿದಳು. ಹೊಕ್ಕುಳಿನ ಎರಡೂ ಬದಿಗೆ ಇನ್ಸುಲಿನ್ ಚುಚ್ಚಿದ ಕಲೆಗಳು.

"ಕಾಣಿ ಸಿಸ್ಟ್ರೇ. ದಿನಕ್ಕೆರಡ್ ಸರ್ತಿ ನಾನೇ ಚುಚ್ಕಂತೆ. ನಿಮ್ ಸೂಜಿ ನಂಗೆಂತ ಲೆಕ್ಕ?"

"ಹಾಂಗಾರೆ ಬರುಕೆಂತ ಕಷ್ಟ?"

"ಸೂಜಿ ಹಾಕ್ರೆ ಜ್ವರ ಬತ್ತ್ ಅಲ್ದಾ? ಜ್ವರ ಬಂದ್ರೆ ಹಗ್ಗಕ್ ಹೋಪುಕಾತಿಲ್ಲೆ. ಹಗ್ಗಕ್ ಹೋಗ್ದಿದ್ರೆ ಜಾಗ ಹೋತ್ತ್. ನಮ್ಮನಿಲ್ ಬದ್ಲಿ ನಿಂತ್ಕಂಬುಕೆ ಯಾರಿದ್ರ್ ಹೇಳಿ? ಅತ್ತಿಗ್ ನೆಟ್ಟಗ್ ನಿಂತ್ಕಂಬುಕಾತಿಲ್ಲೆ. ಮಕ್ಳ್ ಸಣ್ಣವ್."

ಒಳಗಿನಿಂದ ಅವಳ ಅತ್ತೆ, ಬೆನ್ನು ಬಾಗಿದ ಮುದುಕಿ, ಹೊಸ್ತಿಲು ಹಿಡಿದುಕೊಂಡು ಬಂದು, "ಸಿಸ್ಟ್ರ್ ಬಾಯಿ ಒಣ್ಗಿ ಹೋಯಿತ್ತ್, ಒಂಚೂರ್ ಗಂಜಿ ಕೊಡ್" ಎಂದಳು. ಬೈಯಲು ಹೋದವಳು ಅವರ ಮನೆಯ ಗಂಜಿ, ಉಪ್ಪಿನಕಾಯಿ ಉಂಡು ಕೂತೆ. ಉಣ್ಣುತ್ತ ಕೇಳಿದಾಗ ವಿಷಯ ಬಿಡಿಸಿಕೊಂಡಿತು.

ಕೈರಂಪಣಿ ಎಂದರೆ ದಡದಲ್ಲಿ ನಿಂತು ಎಳೆಯುವ ದೊಡ್ಡ ಬಲೆ. ದೋಣಿಯೊಂದು ಬಲೆಯನ್ನು ಕಡಲಲ್ಲಿ ಅರ್ಧಚಂದ್ರದ ಹಾಗೆ ಬಿಟ್ಟು ಬರುತ್ತದೆ. ಅದರ ಎರಡು ತುದಿಯ ಹಗ್ಗಗಳನ್ನು ಎರಡು ಸಾಲು ಜನ ಮರಳಿನಲ್ಲಿ ನಿಂತು ಎಳೆಯುತ್ತಾರೆ. ಈ ತೀರದ ಬಲೆಯಲ್ಲಿ ಪ್ರತಿ ಮನೆಗೂ ಹಗ್ಗದಲ್ಲಿ ಒಂದು ಜಾಗವಿತ್ತು. ಅಂದು ಹಗ್ಗ ಮುಟ್ಟಿದವರಿಗೆ ಅಂದಿನ ಮೀನಿನಲ್ಲಿ ಪಾಲು, ಮುಟ್ಟದವರಿಗೆ ಇಲ್ಲ. ಬರಲಾಗದಿದ್ದರೆ ಅದೇ ಮನೆಯವರು ಯಾರಾದರೂ ಬದಲಿ ನಿಲ್ಲಬೇಕು. ಬದಲಿಯೂ ಇಲ್ಲದೆ ಜಾಗ ಖಾಲಿ ಬಿದ್ದರೆ, ಕಾಯುತ್ತಿರುವ ಇನ್ನೊಂದು ಮನೆಗೆ ಅದು ಹೋಗುತ್ತದೆ. ಗಂಡ ಸತ್ತ ಮೇಲೆ ಅವನ ಜಾಗದಲ್ಲಿ ಇವಳು ನಿಂತಿದ್ದಳು. ಹೆಂಗಸು ಹಗ್ಗಕ್ಕೆ ನಿಂತದ್ದು ಅಲ್ಲಿ ಅದೇ ಮೊದಲು. ಮಳೆಗಾಲ ಬಿಟ್ಟರೆ ಒಂದು ದಿನವೂ ತಪ್ಪಿಸಿರಲಿಲ್ಲ. ಆ ಜಾಗ ಹೋದರೆ ಆ ಮನೆಯ ಒಲೆಯೇ ಹೋದಂತೆ.

ನಾನು ಮೈಕಿನಲ್ಲಿ ಕೂಗಿದ್ದರಲ್ಲಿ ಈ ಒಂದು ವಿಷಯಕ್ಕೂ ಉತ್ತರ ಇರಲಿಲ್ಲ. ನನ್ನ ಮುಖಕ್ಕೆ ಯಾರೋ ನೀರು ಎರಚಿದ ಹಾಗಾಯಿತು.

ಬಲೆಯ ಯಜಮಾನಿಕೆ ತಾಂಡೇಲರದ್ದು. ಅರವತ್ತು ದಾಟಿದ ಆಳು, ಒಣಗಿದ ಮೈ, ಮಾತು ಕಮ್ಮಿ. ಮೀನಿನ ಹಿಂಡು ಬಂತೋ ಇಲ್ಲವೋ ಎಂದು ನೀರಿನ ಬಣ್ಣ ನೋಡಿ ಹೇಳುವವರು ಅವರು. ನಮ್ಮ ಆಶಾ ಕಾರ್ಯಕರ್ತೆ ಅದೇ ಊರಿನ ಸೊಸೆ. ಅವಳು ನನ್ನನ್ನು ದಡಕ್ಕೆ ಕರೆದುಕೊಂಡು ಹೋದಳು. ದೋಣಿಯ ನೆರಳಿನಲ್ಲಿ ಕೂತಿದ್ದ ತಾಂಡೇಲರು ನನ್ನನ್ನು ಕಂಡು ಹೆಗಲ ಮೇಲಿನ ಟವೆಲನ್ನು, ಅವರ ಬೈರಾಸವನ್ನು, ಬಾಯಿಗೆ ಅಡ್ಡ ಹಿಡಿದರು. ಅದೇ ಅವರ ಮಾಸ್ಕು.

ಲಸಿಕೆಯ ಜ್ವರ ಬಂದವರಿಗೆ ಒಂದೆರಡು ದಿನ ರಜೆ ಕೊಟ್ಟು ಪಾಲು ಕೊಡಿ ಎಂದು ಕೇಳಿದೆ. ಅವರು ಕಡಲಿನಿಂದ ಕಣ್ಣು ತೆಗೆಯಲಿಲ್ಲ.

"ಇದ್ ನಾನ್ ಮಾಡದ್ ಕಟ್ಲೆ ಅಲ್ಲ ಸಿಸ್ಟ್ರೇ. ನನ್ ಅಪ್ಪಯ್ಯನ ಕಾಲ್ದಗೇ ಹೀಂಗೇ ಇತ್ತ್. ಇವತ್ತ್ ಸೂಜಿ ಜ್ವರ ಅಂದ್ಹೇಳಿ ಬಿಟ್ರೆ, ನಾಳಿಕ್ ಸೊಂಟ ನೋವ್ ಅಂಬ್ರ್, ನಾಡಿದ್ದ್ ಹೆಂಡ್ತಿ ಮನಿಲ್ ಮದಿ ದಿಬ್ಬಣ ಅಂಬ್ರ್. ಬಲಿ ಎಳೂದ್ ಯಾರ್?"

"ಹಾಂಗಾರೆ ಹುಷಾರಿಲ್ದಿದ್ದವ್ರ್ ಎಂತ ಮಾಡ್ಕ್?"

"ಬಂದ್ ಮುಟ್ಲಿ. ಎಳುಕ್ ಆತಿಲ್ಯಾ, ಬ್ಯಾಡ. ಮುಟ್ಟಿ ಹೋದ್ರೆ ಸಾಕ್. ಕಣ್ ಕಾಣ್ದಿದ್ದ ಮುದ್ಕನಿಗೂ ಹಾಂಗೇ ಪಾಲ್ ಕೊಟ್ಟದ್ದಿತ್ತ್. ಇಲ್ಲಿ ಯಾರನ್ನೂ ಉಪಾಸ ಕೆಡ್ಗದ್ದಿಲ್ಲೆ."

ಅವರು ಅದನ್ನು ಹೆಮ್ಮೆಯಿಂದಲೇ ಹೇಳಿದರು. ಹೆಮ್ಮೆಪಡುವಂಥದ್ದೂ ಆಗಿತ್ತು. ಕೈಲಾಗದವರನ್ನು ಕೈಬಿಡದ ಆ ಕಟ್ಟಳೆಯನ್ನು ಕಂಡು ನನಗೆ ಬೇರೆ ಸಮಯದಲ್ಲಾದರೆ ಸಂತೋಷವೇ ಆಗುತ್ತಿತ್ತು. ಎದ್ದು ಹೊರಟಾಗ ಅವರೇ ಕರೆದು ಒಂದು ದಾರಿ ತೋರಿಸಿದರು. ಬಂಗುಡೆ ಮೀನಿನ ಹಿಂಡು ಕಾಣುವವರೆಗೆ ಎಲ್ಲರೂ ದಡದಲ್ಲಿ ಸುಮ್ಮನೆ ಕೂತಿರುತ್ತಾರೆ, ನಿಮ್ಮ ಡಬ್ಬಿ ಇಲ್ಲಿಗೇ ತನ್ನಿ, ಬೇಕಾದವರು ಹಾಕಿಸಿಕೊಳ್ಳಲಿ ಎಂದರು.

ವೈದ್ಯಾಧಿಕಾರಿಗಳನ್ನು ಒಪ್ಪಿಸುವುದಕ್ಕೆ ಎರಡು ದಿನ ಹಿಡಿಯಿತು. ಬಯಲಿನಲ್ಲಿ, ಬಿಸಿಲಿನಲ್ಲಿ, ಮರಳಿನಲ್ಲಿ ಲಸಿಕೆಯೇ ಎಂದು ಅವರಿಗೆ ಹೆದರಿಕೆ. ಲಸಿಕೆಯ ಒಂದು ಬಾಟಲಿಯಲ್ಲಿ ಹತ್ತು ಡೋಸ್ ಇರುತ್ತದೆ. ಒಮ್ಮೆ ಸೂಜಿ ಚುಚ್ಚಿ ತೆರೆದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಎಸೆಯಬೇಕು. ಅದಕ್ಕೇ ಹತ್ತು ಜನ ಕಣ್ಣೆದುರು ಕೂತಿದ್ದಾರೆಂದು ಖಾತ್ರಿಯಾಗದೆ ಬಾಟಲಿ ತೆರೆಯಬಾರದೆಂದು ನಮಗೆ ಕಟ್ಟುನಿಟ್ಟು.

ಆ ಬೆಳಿಗ್ಗೆ ದೋಣಿಯ ನೆರಳಿನಲ್ಲಿ ಮೇಜು ಹಾಕಿದೆವು. ಮನೆಯಲ್ಲಿ ಬದಲಿ ಇದ್ದ ಗಂಡಸರನ್ನು ಆಶಾ ಒಬ್ಬೊಬ್ಬರನ್ನಾಗಿ ಹಿಡಿದು ತಂದು ಕೂರಿಸಿದಳು. ನೆಟ್‌ವರ್ಕ್ ಸಿಗುವುದು ದೋಣಿಯ ಮೇಲೆ ನಿಂತರೆ ಮಾತ್ರ. ಅವಳು ಮೊಬೈಲ್ ಹಿಡಿದು ದೋಣಿಯ ಅಂಚಿನ ಮೇಲೆ ನಿಂತು ಒಟಿಪಿ ಕೂಗುತ್ತಿದ್ದಳು, ಕೆಳಗಿನವರು ನಗುತ್ತಿದ್ದರು. ಹತ್ತು ಜನ ಆದರು. ಬಾಟಲಿಯ ಮೇಲೆ ತೆರೆದ ಹೊತ್ತು ಬರೆದೆ. ಸಿರಿಂಜಿಗೆ ಅರ್ಧ ಎಂಎಲ್ ಎಳೆದು, ಗುಳ್ಳೆ ತೆಗೆದು, ಮೊದಲನೆಯವನ ತೋಳಿಗೆ ಕೊಟ್ಟೆ. ಬಾಟಲಿಯನ್ನು ಐಸ್ ಡಬ್ಬಿಯ ಸ್ಪಂಜಿನ ತೂತಿನಲ್ಲಿ ನಿಲ್ಲಿಸಿ ಎರಡನೆಯವನಿಗೂ ಕೊಟ್ಟೆ. ಅರ್ಧ ಗಂಟೆ ಅಲುಗಾಡದೆ ಕೂರಬೇಕೆಂದು ಇಬ್ಬರಿಗೂ ಹೇಳಿ ಮೂರನೆಯವನ ತೋಳು ಒರೆಸುತ್ತಿದ್ದೆ.

"ಹ್ವಾಯ್! ಬಂಗ್ಡಿ! ದೋಣಿ ನೂಕಿ!"

ತಾಂಡೇಲರ ಗಂಟಲಿನಿಂದ ಅಂಥ ಕೂಗು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಕುರ್ಚಿಗಳು ಮಗುಚಿ ಬಿದ್ದವು. ಹತ್ತೂ ಜನ ನೀರಿಗೆ. ತೋಳಿನ ಮೇಲೆ ಹತ್ತಿ ಒತ್ತಿ ಹಿಡಿದಿದ್ದ ಇಬ್ಬರೂ ನೀರಿಗೆ. "ಅರ್ಧ ಗಂಟಿ ಕೂಕಣಿ ಅಂದಿದ್ನಲೆ!" ಎಂದು ನಾನು ಹಿಂದಿನಿಂದ ಕಿರುಚಿದ್ದು ಕಡಲಿಗೆ ಕೇಳಿರಬೇಕು, ಅವರಿಗಂತೂ ಕೇಳಲಿಲ್ಲ.

ಬಲೆ ದಡಕ್ಕೆ ಬರುವಾಗ ಸೂರ್ಯ ನೆತ್ತಿ ದಾಟಿದ್ದ. ಮೀನು ಪಾಲಾಗುವ ಗಲಾಟೆಯ ನಡುವೆ ಹೋಗಿ ಕೈ ಹಿಡಿದು ಎಳೆದು ಮೂವರನ್ನು ತಂದೆ. ಉಳಿದವರು ಮೀನಿನ ಗಾಡಿಯ ಹಿಂದೆ ಹೋಗಿಯಾಗಿತ್ತು. ಗಡಿಯಾರ ನೋಡಿ, ಬಾಟಲಿಯಲ್ಲಿ ಉಳಿದ ಲಸಿಕೆಯನ್ನು ಎಸೆಯುವ ಚೀಲಕ್ಕೆ ಹಾಕಿದೆ. ಸಂಜೆ ವೈದ್ಯಾಧಿಕಾರಿಗಳು ಫೋನಿನಲ್ಲಿ, "ಒಂದೊಂದು ಡೋಸಿಗೂ ನಾನು ಮೇಲಿನವರಿಗೆ ಉತ್ತರ ಹೇಳಬೇಕು, ನಿಮಗೆ ಮೀನು ಹಿಡಿಯುವ ಆಟ" ಎಂದರು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತೆ.

ಆದರೆ ನನ್ನನ್ನು ನಿಜವಾಗಿ ಹೆದರಿಸಿದ್ದು ಮರುದಿನ ಬೆಳಿಗ್ಗೆ ಕಂಡದ್ದು. ಲಸಿಕೆ ಪಡೆದವರ ಯೋಗಕ್ಷೇಮ ವಿಚಾರಿಸಲು ಹೋದರೆ ಯಾರೂ ಮನೆಯಲ್ಲಿಲ್ಲ. ಬದಲಿ ಇದ್ದರೂ ಕಳಿಸಿರಲಿಲ್ಲ, ಸಣ್ಣ ಜ್ವರಕ್ಕೆಲ್ಲ ಬದಲಿಯೇ ಎಂದು ತಾವೇ ಹಗ್ಗಕ್ಕೆ ಬಂದಿದ್ದರು. ಒಬ್ಬನ ಹಣೆ ಮುಟ್ಟಿದೆ, ಸುಡುತ್ತಿತ್ತು. ಕಣ್ಣು ಕೆಂಪು. ಭುಜಕ್ಕೆ ಭುಜ ತಾಗಿಸಿಕೊಂಡು, ಮುಂದಿನವನ ಬೆನ್ನಿಗೆ ಏದುಸಿರು ಬಿಡುತ್ತ ಎಳೆಯುತ್ತಿದ್ದ.

"ಇದ್ ಸೂಜಿ ಜ್ವರ ಸಿಸ್ಟ್ರೇ, ಕಾಯ್ಲಿ ಜ್ವರ ಅಲ್ಲ" ಎಂದ.

"ಅದ್ ನಿಂಗ್ ಹ್ಯಾಂಗ್ ಗೊತ್ತ್?"

ಅವನು ನಕ್ಕ. ಅವನ ಹಿಂದಿನ ಜಾಗದಲ್ಲಿ ಹಗ್ಗ ಹಿಡಿದಿದ್ದವಳು ಆ ಹೆಂಗಸು. ಅವಳು ನಗಲಿಲ್ಲ. ಹಗ್ಗ ಬಿಡದೆ, ನನ್ನ ಮುಖ ನೋಡದೆ ಹೇಳಿದಳು.

"ಅವ್ರೂ ಹಾಂಗೇ ಹೇಳಿದ್ರ್. ಮಳಿಗ್ ನೆನ್ದದ್ ಜ್ವರ ಅಂದ್ಹೇಳಿ."

ಅವಳು ಅವ್ರು ಎಂದದ್ದು ಗಂಡನಿಗೆ. ಜ್ವರವಿಟ್ಟುಕೊಂಡೇ ಮೂರು ದಿನ ಈ ಹಗ್ಗಕ್ಕೆ ಬಂದಿದ್ದ ಅವನು. ಆಮೇಲೆ ಹಗ್ಗದ ಆ ಸಾಲಿನಲ್ಲಿ ಎಷ್ಟೋ ಮನೆಗಳಲ್ಲಿ ಜನ ಮಲಗಿದರು. ಆ ವರ್ಷ ನಾವು ಅದಕ್ಕೆ ಜನರ ಅಜಾಗ್ರತೆ ಎಂದು ಹೆಸರಿಟ್ಟಿದ್ದೆವು. ಅಂತರ ಕಾಪಾಡಿ ಎಂದು ಬೋರ್ಡು ಬರೆಸಿ ಇದೇ ದಡದಲ್ಲಿ ನೆಟ್ಟಿದ್ದೆವು. ಬೋರ್ಡು ಇನ್ನೂ ಅಲ್ಲೇ ಇತ್ತು, ಅದಕ್ಕೆ ಬಲೆ ಒಣಗಲು ಹಾಕಿದ್ದರು.

ಅಲ್ಲೇ ನಿಂತು ಯೋಚಿಸಿದೆ. ಇನ್ನೊಮ್ಮೆ ಅಲೆ ಬಂದರೆ ಈ ಹೆಂಗಸು ಲಸಿಕೆ ಇಲ್ಲದೆ ಇದೇ ಸಾಲಿನಲ್ಲಿ ನಿಂತಿರುತ್ತಾಳೆ. ಮೈಯಲ್ಲಿ ಸಕ್ಕರೆ, ಮನೆಯಲ್ಲಿ ಸಣ್ಣ ಮಕ್ಕಳು. ಅವಳನ್ನೂ ನಾನೇ ಆಂಬುಲೆನ್ಸ್ ಹತ್ತಿಸಬೇಕಾಗುತ್ತದೆ. ಅದು ನನ್ನಿಂದ ಸಾಧ್ಯವಿರಲಿಲ್ಲ. ಬಲೆ ದಡ ಸೇರಿ ಅವಳು ಹಗ್ಗ ಬಿಟ್ಟ ಮೇಲೆ ಹತ್ತಿರ ಹೋಗಿ, ಶನಿವಾರ ಎಳೆದಾದ ಮೇಲೆ ಲಸಿಕೆ ಹಾಕಿಸಿಕೊಳ್ಳಿ, ಭಾನುವಾರ ನನಗೆ ರಜೆ, ನಿಮ್ಮ ಬದಲಿಗೆ ನಾನು ಹಗ್ಗ ಹಿಡಿಯುತ್ತೇನೆ ಎಂದೆ.

"ನಿಮ್ಗೆ ಮರ್ಲಾ ಸಿಸ್ಟ್ರೇ?" ಎಂದಳು. ಹುಚ್ಚೇ ಎಂದು ಕೇಳಿದ್ದು. ಆಮೇಲೆ ಕಣ್ಣು ತುಂಬಿಕೊಂಡು ಬುಟ್ಟಿ ಎತ್ತಿಕೊಂಡು ಹೋದಳು.

ತಾಂಡೇಲರು ಒಪ್ಪಲಿಲ್ಲ. ಬದಲಿ ನಿಲ್ಲುವವರು ಮನೆಯವರೇ ಆಗಬೇಕು, ಹೊರಗಿನವರು ಹಗ್ಗ ಮುಟ್ಟಿದರೆ ನಾಳೆ ಎಲ್ಲರೂ ಕೂಲಿಯವರನ್ನು ಕಳಿಸುತ್ತಾರೆ ಎಂದರು. ಅದೂ ಸರಿಯೇ. ಅಷ್ಟರಲ್ಲಿ ಮೀನು ಹೆಕ್ಕಲು ಕೋಲೂರಿಕೊಂಡು ಬಂದಿದ್ದ ಆ ಮನೆಯ ಮುದುಕಿ ಮುಂದೆ ಬಂದಳು.

"ಈ ಹೆಣ್ ನಮ್ಮನಿ ಗಂಜಿ ಉಂಡಿದ್ಲ್ ತಾಂಡೇಲಾ. ನನ್ ಕಣ್ ಮುಂದೇ ಉಂಡಿದ್ಲ್. ನಮ್ಮನಿ ಗಂಜಿ ಉಂಡವ್ಳ್ ನಮ್ಮನಿಯವ್ಳೇ. ಬೇರೆಯವ್ರ್ ಅಂಬುಕೆ ನೀ ಯಾರ್?"

ತಾಂಡೇಲರಿಗಿಂತ ಹಿರಿಯಳು ಅವಳು, ಏಕವಚನದಲ್ಲೇ ಮಾತು. ಸುತ್ತ ನಿಂತವರು ಮುಖ ತಿರುಗಿಸಿಕೊಂಡು ನಕ್ಕರು. ತಾಂಡೇಲರು ಬೈರಾಸ ಕೊಡವಿ ಹೆಗಲಿಗೆ ಹಾಕಿಕೊಂಡು, "ಆಯ್ತ್. ಹೊತ್ತಿಗ್ ಸರಿ ಬರ್ಕ್" ಎಂದಷ್ಟೇ ಹೇಳಿದರು.

ಶನಿವಾರ ಮಧ್ಯಾಹ್ನ ಅವಳ ಜಗಲಿಯಲ್ಲೇ ಬಾಟಲಿ ತೆರೆದೆ. ಉಳಿದ ಒಂಬತ್ತು ಜನರನ್ನು ಆಶಾ ಹೆದ್ದಾರಿಯ ಬದಿಯ ಅಂಗಡಿ, ಗ್ಯಾರೇಜುಗಳಿಂದ ಕೂಡಿಸಿ ತಂದಿದ್ದಳು. ಈ ಸಲ ಒಂದು ಹನಿಯೂ ಹಾಳಾಗಲಿಲ್ಲ. ತೋಳು ಕೊಡುವಾಗ ಆ ಹೆಂಗಸು, "ಹೊಟ್ಟಿಗಿಂತ ಇಲ್ಲೇ ಸುಲಭ" ಎಂದು ನಕ್ಕಳು. ಜ್ವರದ ಮಾತ್ರೆ ಕೊಟ್ಟು, ಸಕ್ಕರೆ ನೋಡಿಕೊಳ್ಳಲು ಹೇಳಿ, ಆ ರಾತ್ರಿ ಊರಿಗೆ ಹೋಗದೆ ಆಶಾಳ ಮನೆಯಲ್ಲಿ ಉಳಿದೆ.

ಬೆಳಿಗ್ಗೆ ಸೀರೆ ಎತ್ತಿ ಕಟ್ಟಿ ಹಗ್ಗದ ಸಾಲಿನಲ್ಲಿ ನಿಂತೆ. ಮುಖಕ್ಕೆ ಸರಿಯಾಗಿ ಮಾಸ್ಕು ಹಾಕಿದ್ದೆ. ಇವರಿಗೆಲ್ಲ ತೋರಿಸಿಕೊಡಬೇಕೆಂಬ ಹಟ ಬೇರೆ. ಹಗ್ಗ ಎಂದರೆ ನಾನು ಬಾವಿಯ ಹಗ್ಗ ಎಂದುಕೊಂಡಿದ್ದೆ. ಇದು ಒದ್ದೆ, ದಪ್ಪ, ಉಪ್ಪು, ಮರಳು. ಕೂಗಿಗೆ ಸರಿಯಾಗಿ ಎಲ್ಲರೂ ಒಟ್ಟಿಗೆ ಹಿಂದಕ್ಕೆ ಕಾಲಿಡಬೇಕು, ಒಬ್ಬರು ತಪ್ಪಿದರೆ ಹಿಂದಿನವರ ಮೇಲೆ ಬೀಳುತ್ತಾರೆ. ನಾನು ಎರಡು ಸಲ ಬಿದ್ದೆ. ಅಂತರ ಬಿಟ್ಟು ನಿಂತರೆ ಹಗ್ಗ ಬಗ್ಗುತ್ತದೆ, ಬಲ ಹೋಗುತ್ತದೆ. ಅಲೆಯ ನೀರು ಮುಖಕ್ಕೆ ಹಾರಿ ಮಾಸ್ಕು ಮೂಗಿಗೆ ಅಂಟಿಕೊಂಡಿತು. ಉಸಿರು ಒಳಗೆ ಹೋಗಲಿಲ್ಲ. ಸ್ವಲ್ಪ ಹೊತ್ತು ತಡೆದೆ, ಆಮೇಲೆ ಹೆದರಿಕೆಯಾಗಿ ಒಂದು ಕೈಯಿಂದ ಅದನ್ನು ಕುತ್ತಿಗೆಗೆ ಎಳೆದುಕೊಂಡೆ.

"ಹ್ವಾಯ್ ಸಿಸ್ಟ್ರೇ, ಮಾಸ್ಕ್ ಎಲ್ಲಿತ್ತ್?" ಎಂದು ಹಿಂದಿನಿಂದ ಯಾರೋ ಕೂಗಿದರು.

ಸಾಲಿಗೆ ಸಾಲೇ ನಕ್ಕಿತು. ನನಗೂ ನಗು ಬಂತು, ಜೊತೆಗೆ ನಾಚಿಕೆಯೂ ಆಯಿತು. ಮಾಸ್ಕು ಬೇಡವೆಂದು ಅಲ್ಲ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ಬೇಕೇಬೇಕು, ಅದನ್ನು ಇವತ್ತಿಗೂ ಹೇಳುತ್ತೇನೆ. ಆದರೆ ಈ ಸಾಲಿನಲ್ಲಿ ನಿಂತವರನ್ನು ಕಾಪಾಡುವುದು ಮಾಸ್ಕೂ ಅಲ್ಲ, ಅಂತರವೂ ಅಲ್ಲ. ಲಸಿಕೆ, ಮತ್ತೆ ಜ್ವರ ಬಂದವರು ಧೈರ್ಯವಾಗಿ ಮನೆಯಲ್ಲಿ ಮಲಗುವ ಹಾಗೆ ಮಾಡುವುದು. ಅಷ್ಟು ದಿನ ನಾನು ಬೋರ್ಡು ನೆಟ್ಟು ಬೈದದ್ದು ಸಾಧ್ಯವೇ ಇಲ್ಲದ ಒಂದು ಕೆಲಸಕ್ಕೆ.

ಬಲೆ ಬಂತು. ಬಂಗುಡೆ ಮರಳಿನ ಮೇಲೆ ಬೆಳ್ಳಗೆ ಹರಡಿತು. ನನ್ನ ಅಂಗೈ ಎರಡೂ ಸುಲಿದು ಹೋಗಿತ್ತು, ಉಪ್ಪುನೀರು ತಾಗಿ ಪ್ರಾಣ ಹೋಗುವಷ್ಟು ಉರಿ. ತಾಂಡೇಲರು ಮನೆಮನೆಗೆ ಮೀನಿನ ಗುಪ್ಪೆ ಹಾಕಿಸಿದರು. ಆ ಹೆಂಗಸಿನ ಮನೆಯ ಗುಪ್ಪೆ ಉಳಿದವರದ್ದಕ್ಕೆ ಸರಿಸಮ ಇತ್ತು. ನಾನು ಬುಟ್ಟಿಗೆ ತುಂಬಿ ತಲೆಗೆ ಎತ್ತಲು ಹೋದರೆ ಕೈ ಮಡಚಲಾಗಲಿಲ್ಲ. ತಾಂಡೇಲರು ಬಂದು ನನ್ನ ಅಂಗೈ ತಿರುಗಿಸಿ ನೋಡಿದರು. ಬುಟ್ಟಿಯನ್ನು ತಮ್ಮ ಹೆಗಲಿಗೆ ಏರಿಸಿಕೊಂಡು ನಡೆದರು. ನಾನು ಹಿಂದೆ ಹೋದೆ.

ಅವಳು ಚಾಪೆಯ ಮೇಲೆ ಕಂಬಳಿ ಹೊದ್ದು ಮಲಗಿದ್ದಳು. ಜ್ವರ ಚೆನ್ನಾಗಿಯೇ ಏರಿತ್ತು. ಅತ್ತೆ ಹಣೆಗೆ ಒದ್ದೆ ಬಟ್ಟೆ ಇಡುತ್ತಿದ್ದಳು. ತಾಂಡೇಲರನ್ನು ಕಂಡು ಇವಳು ಎದ್ದು ಕೂತಳು. ಅವರು ಬುಟ್ಟಿಯನ್ನು ಜಗಲಿಯಲ್ಲಿ ಇಳಿಸಿ, ನಿಂತೇ ಹೇಳಿದರು.

"ಮನಿಕೊ ಹೆಣ್ಣೇ, ಏಳ್ಬೇಡ. ನಾಳಿಕೂ ಬಪ್ಪುದ್ ಬ್ಯಾಡ. ಇನ್ನ್ ಜ್ವರ ಬಂದವ್ರ್ ಯಾರೂ ಹಗ್ಗಕ್ ಬಪ್ಪುದ್ ಬ್ಯಾಡ. ಸೂಜಿ ಜ್ವರ ಇರ್ಲಿ, ಎಂತ ಜ್ವರ ಆರೂ ಇರ್ಲಿ. ಜಾಗ ಎಲ್ಲೂ ಹೋತಿಲ್ಲೆ. ಪಾಲ್ ಮನಿಗ್ ಬತ್ತ್. ಎಲ್ಲರಿಗೂ ಹೇಳ್ತೆ."

ನಾನು ಇಷ್ಟು ದಿನ ಕೇಳಿದ್ದು ಇದನ್ನೇ. ಸಂತೋಷದಿಂದ ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಕಂಬಳಿ ಸರಿಸಿ ತಾಂಡೇಲರ ಕಡೆ ನೋಡಿದಳು.

"ಇದನ್ನ್ ಹ್ವಾದ್ ವರ್ಷ ಹೇಳುಕಾತಿರ್ಲಿಲ್ಯಾ ತಾಂಡೇಲ್ರೇ?" ಎಂದಳು.

ಗಟ್ಟಿಯಾಗಿ ಕೇಳಿದ್ದಲ್ಲ. ಸಿಟ್ಟಿನಿಂದಲೂ ಅಲ್ಲ. ಜ್ವರದ ದನಿಯಲ್ಲಿ, ನಿಜವಾಗಿ ಉತ್ತರ ಬೇಕು ಎನ್ನುವ ಹಾಗೆ ಕೇಳಿದಳು.

"ಅವ್ರ್ ನಿಮ್ಮನಿಗ್ ಬಂದಿದ್ರ್ ಅಲ್ದಾ ಆ ಸಂಜಿ? ನಾಳಿಕ್ ಬಪ್ಪುಕಾತಿಲ್ಲೆ, ಮೈ ಸುಡ್ತ್ ಅಂದ್ಹೇಳಿ. ಬಂದ್ ಮುಟ್ಟಿ ಹೋಗ್ ಸಾಕ್ ಅಂದ್ರಿ ನೀವ್. ಅವ್ರ್ ಬಂದ್ ಮುಟ್ಟಿದ್ರ್. ಬರೀ ಮುಟ್ಟಿ ಹೋಪುಕೆ ನಾಚ್ಕಿ ಆಯಿ, ಎಳ್ದ್ರ್."

ತಾಂಡೇಲರು ಕಂಬ ಹಿಡಿದು ನಿಂತಿದ್ದರು. ದಯೆಯಿಂದಲೇ ಹೇಳಿದ್ದ ಮಾತು ಅದು. ಅವರ ಅಪ್ಪನೂ ಅದನ್ನೇ ಹೇಳುತ್ತಿದ್ದಿರಬೇಕು. ಬೈರಾಸ ತೆಗೆದು ಮುಖಕ್ಕೆ ಒತ್ತಿಕೊಂಡರು, ತುಂಬ ಹೊತ್ತು ತೆಗೆಯಲಿಲ್ಲ. ಮುದುಕಿ ಸೊಸೆಯ ತಲೆ ನೇವರಿಸುತ್ತಿದ್ದಳು. ಆಮೇಲೆ ಅವರು ಯಾರನ್ನೂ ನೋಡದೆ ಅಂಗಳ ಇಳಿದು ಹೋದರು.

ಆ ವಾರ ದಡದಲ್ಲಿ ಮತ್ತೆ ಮೇಜು ಹಾಕಿದೆವು, ಈ ಸಲ ಬಲೆ ಎಳೆದಾದ ಮೇಲೆ. ಎಲ್ಲರೂ ಬಂದರೆಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವರು ಕೊನೆಯವರೆಗೂ ನಾಳಿಕ್ ಬತ್ತೆ ಎನ್ನುತ್ತಲೇ ಇದ್ದರು. ಆದರೆ ಬಾಟಲಿ ತೆರೆಯಲು ನಾನು ಜನ ಎಣಿಸುತ್ತ ಕೂರಬೇಕಾಗಲಿಲ್ಲ. ಮೊದಲ ಕುರ್ಚಿಯಲ್ಲಿ ಬಂದು ಕೂತವರು ತಾಂಡೇಲರು. ತೋಳು ನನ್ನ ಕಡೆ ಕೊಟ್ಟು ಮುಖವನ್ನು ಕಡಲಿನ ಕಡೆ ತಿರುಗಿಸಿದರು. ನನ್ನ ಅಂಗೈಗೆ ಇನ್ನೂ ಬ್ಯಾಂಡೇಜು ಇತ್ತು, ಸಿರಿಂಜು ಹಿಡಿಯಲು ಕಷ್ಟವಾಗಿ ಸ್ವಲ್ಪ ನೋಯಿಸಿದೆ.

ಅವರಿಗೂ ಜ್ವರ ಬಂತು. ಮರುದಿನ ಹಗ್ಗದ ಹತ್ತಿರ ಅವರು ಇರಲಿಲ್ಲ. ಎಷ್ಟೋ ವರ್ಷಗಳಲ್ಲಿ ಹಾಗಾದದ್ದು ಅದೇ ಮೊದಲು ಎಂದು ಜನ ಮಾತಾಡಿಕೊಂಡರು. ಮೀನು ಕಾಯುವ ಕಣ್ಣಿಲ್ಲದೆ ಬಲೆಗೆ ಬಿದ್ದದ್ದೂ ಕಡಿಮೆಯೇ. ಇದ್ದಷ್ಟರಲ್ಲಿ ಅವರ ಮನೆಗೂ ಒಂದು ಗುಪ್ಪೆ ಹಾಕಿದರು. ಯಾರು ಒಯ್ಯುವುದು ಎಂದು ಗಂಡಸರು ಮುಖ ಮುಖ ನೋಡುತ್ತಿರುವಾಗ, ಆ ಹೆಂಗಸು ತನ್ನ ಬುಟ್ಟಿಯನ್ನು ಮಗುಚಿ ಖಾಲಿ ಮಾಡಿ, ಅವರ ಪಾಲನ್ನು ಅದರಲ್ಲಿ ತುಂಬಿಕೊಂಡಳು.

ನಾನು ತಾಂಡೇಲರ ಜ್ವರ ನೋಡಲು ಆಗಷ್ಟೇ ಅವರ ಮನೆಗೆ ಹೋಗಿದ್ದೆ. ಅವಳು ಬುಟ್ಟಿಯನ್ನು ಅವರ ಮೆಟ್ಟಿಲ ಮೇಲೆ ಇಳಿಸಿ, ತಲೆಯ ಮೇಲಿನ ಸಿಂಬಿಯನ್ನು ಸರಿಮಾಡಿಕೊಂಡು, ಒಳಗೆ ಮಲಗಿದ್ದವರಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

"ಪಾಲ್ ತಂದಿದ್ದೆ ತಾಂಡೇಲ್ರೇ. ಏಳ್ಬೇಡಿ."